ಜ್ಯೋತಿಲಕ್ಷ್ಮಿ ಎಣಿಸಿದ ಮನೆಗಳು

“ನಿಮ್ಮ ಪ್ರೋಗ್ರಾಂ ಪ್ರಕಾರ ಒಂಬತ್ತು ಹಳ್ಳೀಲಿ ಇರೋದು ಒಂದೇ ಮನೆ.”

ಬೆನ್ನ ಹಿಂದಿನಿಂದ ಬಂದ ಆ ಮಾತಿಗೆ ತರಗತಿಯಲ್ಲಿದ್ದವರೆಲ್ಲ ನಕ್ಕರು. ಜ್ಯೋತಿಲಕ್ಷ್ಮಿ ನಗಲಿಲ್ಲ. ಪರದೆಯ ಮೇಲೆ ಅವಳ ಕಣ್ಣೆದುರೇ ಆ ಒಂದು ಅಂಕಿ ನಿಂತಿತ್ತು... ‘1’.

ಹೊಸಕೋಟೆ ಬಸ್‌ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಆ ಕಂಪ್ಯೂಟರ್ ಸೆಂಟರ್ ಇತ್ತು. ಪ್ರತಿ ಭಾನುವಾರ ಬೆಳಿಗ್ಗೆ ಅಲ್ಲಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಪಾಠ. ಅವಳಿಗೆ ಅದು ಮೂರನೇ ವಾರ. ಮೊದಲೆರಡು ವಾರ ಕಲಿಸಿದ್ದ ಮೇಡಂ ಹೆರಿಗೆ ರಜೆಗೆ ಹೋಗಿ, ಆ ದಿನ ಹೊಸಬನೊಬ್ಬ ಬಂದಿದ್ದ. ಹೆಸರು ವಸಂತ್. ವಾರವೆಲ್ಲ ಯಾವುದೋ ಬಿಡಿಭಾಗಗಳ ಕಾರ್ಖಾನೆಯಲ್ಲಿ ಯಂತ್ರಗಳಿಗೆ ಪ್ರೋಗ್ರಾಂ ಬರೆಯುವ ಕೆಲಸ, ಭಾನುವಾರ ಇಲ್ಲಿ ಪಾಠ ಎಂದು ತನ್ನನ್ನು ಪರಿಚಯಿಸಿಕೊಂಡಿದ್ದ.

“ಇದು ನಗೋ ವಿಷಯ ಅಲ್ಲ ಸರ್,” ಎಂದಳು ತಿರುಗಿ ನೋಡದೆ.

“ಸುಮ್ನೆ ತಮಾಷೆಗೆ...”

“ನಂದಗುಡಿ ಹೋಬಳಿ ನಮ್ದು. ಗೋದಾಮು ಕಟ್ಟೋಕೆ ಅಂತ ಒಂಬತ್ತು ಹಳ್ಳಿ ಜಮೀನು ಕೇಳ್ತಿದಾರೆ. ಯಾರಿಗೆ ಒಪ್ಪಿಗೆ ಇದೆ, ಯಾರಿಗಿಲ್ಲ ಅಂತ ನಾವೇ ಮನೆ ಮನೆಗೆ ಹೋಗಿ ಬರೆಸ್ಕೊಂಡು ಬಂದಿದೀವಿ. ಸಾವಿರಕ್ಕೂ ಜಾಸ್ತಿ ಮನೆ. ಕೈಯಲ್ಲಿ ಮೂರು ಸಲ ಎಣಿಸಿದ್ವಿ, ಮೂರು ಥರ ಬಂತು. ಅದಕ್ಕೆ ಇದನ್ನ ಕಲಿಯೋಕೆ ಬಂದೆ.”

ಆಗ ಅವಳು ತಿರುಗಿ ನೋಡಿದಳು. ವಸಂತನ ಮುಖದಲ್ಲಿದ್ದ ನಗು ಪೂರ್ತಿ ಹೋಗಿತ್ತು. ಅವನು ಏನೋ ಹೇಳಲು ಹೊರಟವನಂತೆ ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡ.

‘ನಾಚಿಕೆ ಆಗಿರಬೇಕು. ಆಗಲಿ’ ಎಂದುಕೊಂಡಳು.

ಅವನು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕುಳಿತ. “ಕ್ಷಮಿಸಿ. ಎಲ್ಲಿ ತಪ್ಪಿದೆ ನೋಡೋಣ. ಮನೆ ಎಣಿಸೋಕೆ ಅಂತ ನೀವು ಒಬ್ಬನ್ನ ಕಳಿಸಿದೀರಿ ಅಂದ್ಕೊಳಿ. ಅವನು ಮೊದಲನೇ ಮನೆ ಬಾಗಿಲಿಗೆ ಹೋದ, ಒಂದು ಅಂತ ಎಣಿಸಿದ, ಅಲ್ಲಿಂದ್ಲೇ ವಾಪಸ್ ಬಂದ್ಬಿಟ್ಟ. ಯಾಕೆ?”

“ಯಾಕೆ?”

“ನೀವೇ ಹೇಳಿದೀರಿ. ರಿಟರ್ನ್ ಅಂದ್ರೆ ಉತ್ತರ ತಗೊಂಡು ವಾಪಸ್ ಬಾ ಅಂತ. ಅದನ್ನ ಎಣಿಸೋ ಸುತ್ತಿನ ಒಳಗಡೆ ಬರ್ದಿದೀರಿ.”

ಅವಳು ಪರದೆಯನ್ನೇ ನೋಡಿದಳು. ಆ ಕೊನೆಯ ಸಾಲು ಇರಬೇಕಾದ ಜಾಗಕ್ಕಿಂತ ನಾಲ್ಕು ಅಕ್ಷರದಷ್ಟು ಒಳಗೆ ಸರಿದಿತ್ತು. ಅದನ್ನು ಹಿಂದಕ್ಕೆ ಎಳೆದು, ಮತ್ತೆ ಓಡಿಸಿದಳು.

1146.

ಅವಳಿಗೆ ತಿಳಿಯದೆಯೇ ಮುಖ ಅರಳಿತು. ಪಕ್ಕದಲ್ಲಿದ್ದವನು ಪರದೆಯನ್ನು ಬಿಟ್ಟು ಆ ಮುಖವನ್ನೇ ನೋಡುತ್ತಿದ್ದುದು ಅವಳಿಗೆ ಗೊತ್ತಾಗಲಿಲ್ಲ.

ಜ್ಯೋತಿಲಕ್ಷ್ಮಿ ತನ್ನ ಊರಿನ ಪಂಚಾಯಿತಿ ಗ್ರಂಥಾಲಯವನ್ನು ನೋಡಿಕೊಳ್ಳುತ್ತಿದ್ದಳು. ಬಿ.ಕಾಂ. ಮುಗಿದು ಐದು ವರ್ಷ. ಅಪ್ಪ ಗೋಪಾಲಪ್ಪನಿಗೆ ಎರಡೂವರೆ ಎಕರೆ; ರಾಗಿ, ಬೀನ್ಸು, ಮೂರು ಹಸು. ಜಮೀನಿನ ಸುದ್ದಿ ಬಂದ ದಿನದಿಂದ ಊರಿನವರು ಮಾತು ಮಾತಿಗೂ ಜಗಳವಾಡುತ್ತಿದ್ದರು. ಕೊಡಬೇಕೆನ್ನುವವರೂ ಇದ್ದರು, ಸತ್ತರೂ ಕೊಡೆವು ಎನ್ನುವವರೂ ಇದ್ದರು. ಯಾವ ಕಡೆ ಎಷ್ಟು ಜನ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ‘ಮೊದಲು ಅದನ್ನ ಎಣಿಸೋಣ’ ಎಂದವಳು ಅವಳೇ. ಹಾಗಾಗಿ ಆ ಕೆಲಸ ಅವಳ ತಲೆಗೇ ಬಿತ್ತು.

ಆಮೇಲಿನ ಭಾನುವಾರಗಳಲ್ಲಿ ಪಾಠ ಮುಗಿದ ಮೇಲೂ ಇಬ್ಬರೂ ಅರ್ಧ ಗಂಟೆ ಕುಳಿತುಕೊಳ್ಳತೊಡಗಿದರು. ಪಾಠದ್ದೇ ಮಾತು. ನಿಧಾನವಾಗಿ ಬೇರೆಯದೂ. ಅವನು ಜಡಿಗೇನಹಳ್ಳಿಯವನು, ತಂದೆ ಇಲ್ಲ, ತಾಯಿಯೊಬ್ಬಳೇ. ಟೀ ಕುಡಿಯುವಾಗ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುವುದು ಅವನ ಅಭ್ಯಾಸ. ಊರಿನಲ್ಲಿ ಎಲ್ಲರೂ ಅವಳನ್ನು ‘ಜ್ಯೋತಿ’ ಎಂದರೆ, ಅವನೊಬ್ಬ ಪೂರ್ತಿ ಹೆಸರನ್ನು ಹಿಡಿದು “ಜ್ಯೋತಿಲಕ್ಷ್ಮಿ ಅವ್ರೇ” ಎನ್ನುತ್ತಿದ್ದ. ಅಷ್ಟುದ್ದದ ಹೆಸರನ್ನು ಅವನು ಎಲ್ಲೂ ಮೊಟಕು ಮಾಡದೆ ಕರೆಯುವಾಗ ಅವಳಿಗೆ ಏನೋ ಆಗುತ್ತಿತ್ತು.

‘ಮೇಷ್ಟ್ರು ಅವರು... ಸುಮ್ಮನಿರು’ ಎಂದು ಬಸ್ಸಿನ ಕಿಟಕಿಗೆ ಒರಗಿ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಹೊಸಕೋಟೆಯಲ್ಲಿ ಅಧಿಕಾರಿಗಳ ಅಹವಾಲು ಸಭೆ ಶುಕ್ರವಾರಕ್ಕೆ ಗೊತ್ತಾಯಿತು. ಅದಕ್ಕೆ ಮುಂಚೆ, ಸೋಮವಾರ ಸಂಜೆ ಹಾಲು ಹಾಕಿದ ಮೇಲೆ, ಡೇರಿ ಮುಂದೆ ಒಂಬತ್ತೂ ಹಳ್ಳಿಯವರು ಸೇರಿ ಲೆಕ್ಕ ಕೇಳುವುದೆಂದು ತೀರ್ಮಾನವಾಯಿತು.

ಸೋಮವಾರ ಮಧ್ಯಾಹ್ನ ಗ್ರಂಥಾಲಯದಲ್ಲಿ ಕುಳಿತು ಒಪ್ಪಿಗೆ ಕೊಟ್ಟವರನ್ನು ಎಣಿಸುವ ಪ್ರೋಗ್ರಾಂ ಬರೆದಳು. ಉತ್ತರ ಯಾಕೋ ತೀರಾ ಕಡಿಮೆ ಬಂತು. ನೋಡಿದರೆ, ಉತ್ತರಗಳನ್ನು ಕಂಪ್ಯೂಟರಿಗೆ ಟೈಪ್ ಮಾಡಿದ ಊರಿನ ಹುಡುಗಿಯರು ಕೆಲವು ಕಡೆ ‘ಒಪ್ಪಿಗೆ’ ಎಂಬ ಪದದ ಮುಂದೆ ಖಾಲಿ ಜಾಗ ಬಿಟ್ಟಿದ್ದರು. ಕಂಪ್ಯೂಟರಿಗೆ ಅದು ಬೇರೆ ಪದವಾಗಿ ಕಂಡಿತ್ತು. ಅವಳು ವಸಂತನಿಗೆ ವಾಟ್ಸಾಪಿನಲ್ಲಿ ಕೇಳಿದಳು. ಅವನ ಊಟದ ವೇಳೆ ಅದು, ಉತ್ತರಗಳು ಬಂದವು. ಅವಸರದಲ್ಲೇ ಓದಿಕೊಂಡಳು. ಕೊನೆಯದಾಗಿ ಅವನು ಬರೆದಿದ್ದ: ‘ಹಾಗಿದ್ರೆ ಸಮ ಅಂತ ಹೋಲಿಸೋ ಕಡೆ, “ಇನ್” ಅಂತ ಹಾಕಿ. ಉತ್ತರದೊಳಗೆ ಎಲ್ಲಿ ಆ ಪದ ಇದ್ರೂ ಹಿಡಿಯುತ್ತೆ.’

ಹಾಕಿದಳು. 591 ಬಂತು.

1146 ಮನೆಯಲ್ಲಿ 591... ಅರ್ಧಕ್ಕಿಂತ ಹೆಚ್ಚು. ‘ಇಷ್ಟು ಜನ ಕೊಡ್ತೀವಿ ಅಂದ್ರಾ? ಎದುರಿಗೆ ಬೇಡ ಅಂದವರು ಬರೆಯುವಾಗ ಸರಿ ಅಂದ್ರಾ?’ ಮತ್ತೊಮ್ಮೆ ಓಡಿಸಿದಳು. ಅಷ್ಟೇ ಬಂತು. ಹೊರಗೆ ಬೈಕುಗಳು ಬಂದು ನಿಲ್ಲುತ್ತಿದ್ದವು. ಸಂಖ್ಯೆಯನ್ನು ಹಾಳೆಯ ಮೇಲೆ ಬರೆದುಕೊಂಡು ಎದ್ದಳು.

ಡೇರಿ ಮುಂದೆ ಅವಳು ಓದಿ ಮುಗಿಸುವ ಮೊದಲೇ ಗದ್ದಲ ಎದ್ದಿತು.

“ಯಾವ ಐನೂರ ತೊಂಬತ್ತೊಂದು? ನಮ್ಮ ಬೀದೀಲಿ ಒಬ್ರೂ ಒಪ್ಪಿಲ್ಲ,” ಎಂದಳು ಪಾಪಕ್ಕ. ಗಂಡ ಹೋದ ಮೇಲೆ ಒಂದು ಎಕರೆಯಲ್ಲಿ ತರಕಾರಿ ಬೆಳೆದು ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದವಳು. “ನಾನು ಇಲ್ಲ ಅಂತಾನೇ ಬರೆಸಿದೀನಿ. ನಿನ್ನ ಕಣ್ಮುಂದೇನೇ ಬರೆಸಿದೀನಿ ಕಣಮ್ಮ ಜ್ಯೋತಿ.”

“ಪಾಪಕ್ಕ, ಕಂಪ್ಯೂಟರಲ್ಲಿ...”

“ಆ ಕಂಪ್ಯೂಟರ್ ಪಾಠ ನಿನಗೆ ಯಾರಮ್ಮ ಹೇಳ್ಕೊಡ್ತಿರೋದು?” ಬೈರಣ್ಣ ಮುಂದೆ ಬಂದ. ಊರಿನ ಹೋರಾಟಕ್ಕೆ ಹಿರಿಯನಾಗಿ ನಿಂತವನು ಅವನು. “ಜಡಿಗೇನಹಳ್ಳಿ ವಸಂತ್ ಅಲ್ವಾ? ಅವನು ಯಾರು ಅಂತ ಗೊತ್ತಾ ನಿನಗೆ? ನಮ್ಮೂರಲ್ಲಿ ಕಾರಲ್ಲಿ ಓಡಾಡ್ತಾ ಜಮೀನು ಕೊಡ್ಸಿ ಕೊಡ್ಸಿ ಅಂತ ಸುತ್ತುತಾ ಇದಾನಲ್ಲ, ಬ್ರೋಕರ್ ಮುನಿರಾಜು... ಅವನ ಸ್ವಂತ ಅಣ್ಣನ ಮಗ.”

ಮುನಿರಾಜು ಜ್ಯೋತಿಲಕ್ಷ್ಮಿಯ ಮನೆಗೂ ಬಂದಿದ್ದ. ಅಪ್ಪ ನೀರನ್ನೂ ಕೊಡದೆ ಕಳಿಸಿದ್ದ.

“ಸುಳ್ಳು ಬೈರಣ್ಣ.”

“ಸುಳ್ಳಾ? ಫೋನ್ ಮಾಡಿ ಕೇಳು.”

ಇನ್ನೂರು ಜನ ಅವಳ ಕೈಯನ್ನೇ ನೋಡುತ್ತಿದ್ದರು. ಅವಳು ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು.

“ಹೇಳಿ ಜ್ಯೋತಿಲಕ್ಷ್ಮಿ ಅವ್ರೇ, ಲೆಕ್ಕ ಸರಿಹೋಯ್ತಾ?”

ಆ ದನಿಯಲ್ಲಿ ಅಷ್ಟು ಅಕ್ಕರೆ ಇತ್ತು. ಎಲ್ಲರಿಗೂ ಕೇಳಿಸಿತು. ಅವಳಿಗೆ ನಾಚಿಕೆಯೂ ಸಂಕಟವೂ ಒಟ್ಟಿಗೇ ಉಕ್ಕಿದವು.

“ಮುನಿರಾಜು ನಿಮ್ಮ ಚಿಕ್ಕಪ್ಪನಾ?”

ಆ ಕಡೆ ಮಾತು ನಿಂತಿತು.

“ಹೌದಾ, ಅಲ್ವಾ? ಅಷ್ಟು ಹೇಳಿ.”

“...ಹೌದು. ಆದ್ರೆ ನಾನು...”

“ಸಾಕು.”

ಫೋನ್ ಇಟ್ಟಳು. ಅಲ್ಲಿಯೇ, ಎಲ್ಲರ ಮುಂದೆಯೇ, ಅವನ ನಂಬರನ್ನು ಬ್ಲಾಕ್ ಮಾಡಿದಳು. ಮನೆಗೆ ನಡೆಯುವಾಗ ಗೋಪಾಲಪ್ಪ ಮಗಳ ಪಕ್ಕದಲ್ಲೇ ಬಂದ. ಹಿತ್ತಲಿನ ಬಾಗಿಲು ದಾಟಿದ ಮೇಲೆ ಅವಳು ಅತ್ತಳು. ಊರು ತನ್ನನ್ನು ನಂಬದೆ ಹೋಯಿತೆಂಬ ಅಳು ಅದು ಎಂದುಕೊಂಡಳು. ಅಷ್ಟೇ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ಗ್ರಂಥಾಲಯದ ಬಾಗಿಲು ತೆಗೆದು ನೇರವಾಗಿ ಕಂಪ್ಯೂಟರ್ ಮುಂದೆ ಕುಳಿತಳು. ಅವನು ಹೇಗೆ ಮೋಸ ಮಾಡಿದ ಎಂಬುದನ್ನು ಹಿಡಿಯಬೇಕಿತ್ತು. ಹಿಡಿದು, ಊರಿಗೆ ತೋರಿಸಬೇಕಿತ್ತು.

ಅಷ್ಟೂ ಮನೆಗಳನ್ನು ಒಟ್ಟಿಗೆ ನೋಡಿದರೆ ಏನೂ ತಿಳಿಯುವುದಿಲ್ಲ. ಪಾಪಕ್ಕನ ಬೀದಿಯ ಎಂಟು ಮನೆಗಳನ್ನಷ್ಟೇ ಬೇರೆ ತೆಗೆದಳು. ಎಣಿಸುವ ಪ್ರತಿ ಸುತ್ತಿನಲ್ಲೂ, ಯಾವ ಉತ್ತರ ಬಂತು, ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿತೋ ಇಲ್ಲವೋ ಎಂಬುದನ್ನು ಪರದೆಗೆ ಬರೆಯುವಂತೆ ಒಂದು ಸಾಲು ಸೇರಿಸಿದಳು.

ಮೊದಲನೇ ಮನೆ: ‘ಬೇಡ’. ಲೆಕ್ಕಕ್ಕಿಲ್ಲ. ಸರಿ.

ಎರಡನೇ ಮನೆ: ‘ಇಲ್ಲ’. ಲೆಕ್ಕಕ್ಕಿಲ್ಲ. ಸರಿ.

ಮೂರನೆಯದು ಪಾಪಕ್ಕನದು: ‘ಒಪ್ಪಿಗೆ ಇಲ್ಲ’. ಲೆಕ್ಕಕ್ಕೆ ಬಂತು.

ಅವಳು ಆ ಸಾಲನ್ನು ಮತ್ತೆ ಓದಿದಳು.

‘ಒಪ್ಪಿಗೆ ಇಲ್ಲ’ ಎಂಬ ಮಾತಿನೊಳಗೇ ‘ಒಪ್ಪಿಗೆ’ ಇತ್ತು. ಆ ಪದ ಎಲ್ಲಿ ಕಂಡರೂ ಹಿಡಿ ಎಂದು ಹೇಳಿದ್ದಕ್ಕೆ ಕಂಪ್ಯೂಟರ್ ಹಿಡಿದಿತ್ತು. ಪಕ್ಕದಲ್ಲೇ ಇದ್ದ ‘ಇಲ್ಲ’ವನ್ನು ನೋಡು ಎಂದು ಯಾರೂ ಹೇಳಿರಲಿಲ್ಲ. ಬೇಡವೆಂದು ಪೂರ್ತಿ ಎರಡು ಪದ ಬರೆಸಿದವರೆಲ್ಲ ಜಮೀನು ಕೊಡುತ್ತೇವೆ ಎಂದವರ ಸಾಲಿಗೆ ಸೇರಿದ್ದರು. ಎಣಿಸಿ ನೋಡಿದರೆ, ಮುನ್ನೂರ ಎಂಬತ್ತೆಂಟು ಮನೆ.

‘ಇನ್ ಹಾಕಿ ಅಂದವನು ಅವನೇ... ಬೇಕೆಂದೇ ಅಂದನಾ?’

ಅವಳು ಫೋನ್ ತೆಗೆದು ಸೋಮವಾರದ ಮಾತುಗಳನ್ನು ಮೊದಲಿನಿಂದ ಓದಿದಳು. ನಿನ್ನೆ ಅವಸರದಲ್ಲಿ ಬೆರಳು ಜಾರಿಸಿ ದಾಟಿದ್ದ ಸಾಲುಗಳು ಈಗ ಒಂದೊಂದಾಗಿ ಕಂಡವು.

‘ಉತ್ತರಗಳನ್ನ ಒಂದ್ಸಲ ನೋಡ್ಬೋದಾ? ಹೆಸರು ಬೇಡ, ಉತ್ತರ ಮಾತ್ರ. ನೋಡ್ದೆ ಹೇಳಿದ್ರೆ ತಪ್ಪಾಗ್ಬೋದು.’

‘ಇಲ್ಲ ಸರ್, ಊರಿನ ವಿಷಯ. ಹೊರಗಡೆ ತೋರ್ಸಲ್ಲ ಅಂತ ಮಾತು ಕೊಟ್ಟಿದೀನಿ.’

‘ಒಳ್ಳೇದು. ಯಾರು ಕೇಳಿದ್ರೂ ಆ ಫೈಲ್ ಕೊಡ್ಬೇಡಿ. ನಾನೇ ಕೇಳಿದ್ರೂ ಕೊಡ್ಬೇಡಿ. ಬೇರೆ ಏನೇನು ಉತ್ತರ ಬರ್ದಿದಾರೆ, ಅಷ್ಟು ಹೇಳಿ.’

‘ಒಪ್ಪಿಗೆ, ಇಲ್ಲ, ಬೇಡ. ಅಷ್ಟೇ ಸರ್.’

ಅಷ್ಟೇ ಸರ್.

‘ಒಪ್ಪಿಗೆ ಇಲ್ಲ’ ಎಂಬ ಮಾತೂ ಇದೆಯೆಂದು ಅವಳೇ ಹೇಳಿರಲಿಲ್ಲ. ಅವಳೇ ನೋಡಿರಲಿಲ್ಲ. ಅವನು ಕೇಳಿದ್ದ, ಎಚ್ಚರಿಸಿಯೂ ಇದ್ದ. ಅವಳು ಇನ್ನೂರು ಜನರ ಮುಂದೆ ಅವನ ಬಾಯಿ ಮುಚ್ಚಿಸಿದ್ದಳು.

ಪೇಪರ್ ಓದಲು ಬಂದ ಹಿರಿಯರೊಬ್ಬರು ಎರಡು ಸಲ ಮಾತಾಡಿಸಿದರು, ಅವಳಿಗೆ ಕೇಳಿಸಲಿಲ್ಲ.

ಆಮೇಲೆ ಕೆಲಸಕ್ಕೆ ಕೈ ಹಾಕಿದಳು. ಪದದ ಹಿಂದೆ ಮುಂದೆ ಇರುವ ಖಾಲಿ ಜಾಗವನ್ನು ಮೊದಲು ಒರೆಸಿಹಾಕುವುದು, ಉಳಿದದ್ದು ‘ಒಪ್ಪಿಗೆ’ ಎಂಬುದಕ್ಕೆ ಪೂರ್ತಿ ಸಮನಾದರಷ್ಟೇ ಎಣಿಸುವುದು. ಪುಸ್ತಕ ನೋಡಿಕೊಂಡು ತಾನೇ ಬರೆದಳು. ಪಾಪಕ್ಕನ ಬೀದಿಯ ಮೇಲೆ ಓಡಿಸಿದಳು. ಸೊನ್ನೆ. ನಂತರ ಒಂದೊಂದೇ ಹಳ್ಳಿ, ಕೊನೆಗೆ ಒಂಬತ್ತೂ ಸೇರಿಸಿ. ಒಪ್ಪಿಗೆ ಇರುವವರು 203. ಇಲ್ಲದವರು 943.

ಸಂಜೆ ಅದೇ ಡೇರಿ ಮುಂದೆ ಅವಳು ನಿಂತಳು.

“ನಿನ್ನೆ ಓದಿದ ಲೆಕ್ಕ ತಪ್ಪು. ತಪ್ಪಾಗಿದ್ದು ನನ್ನಿಂದ. ಉತ್ತರಗಳನ್ನ ಸರಿಯಾಗಿ ನೋಡ್ದೆ ಎಣಿಸಿದೆ. ಹೇಳ್ಕೊಟ್ಟವ್ರದ್ದು ಏನೂ ತಪ್ಪಿಲ್ಲ. ಅವ್ರು ಆ ಫೈಲ್ ಯಾರಿಗೂ ಕೊಡ್ಬೇಡಿ, ತನಗೂ ಕೊಡ್ಬೇಡಿ ಅಂದಿದ್ರು. ಬೇಕಾದ್ರೆ ಓದಿ.” ಫೋನನ್ನು ಬೈರಣ್ಣನ ಕೈಗೆ ಕೊಟ್ಟಳು.

ಬೈರಣ್ಣ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದ. ಪಾಪಕ್ಕನಿಗೂ ಓದಿ ಹೇಳಿದ.

“ಹೊಸ ಲೆಕ್ಕ ಸರಿ ಇದೆ ಅಂತ ಹೆಂಗೆ ನಂಬೋದು?” ಎಂದು ಹಿಂದಿನಿಂದ ಯಾರೋ ಕೇಳಿದರು.

“ನಂಬ್ಬೇಡಿ. ಒಂದೊಂದು ಬೀದೀದೂ ಬೇರೆ ಬೇರೆ ಹಾಳೆ ತಂದಿದೀನಿ. ನಿಮ್ಮ ನಿಮ್ಮ ಬೀದಿ ನೀವೇ ನೋಡ್ಕೊಳಿ.”

ಕತ್ತಲಾಗುವ ಮೊದಲೇ ಹಾಳೆಗಳು ಕೈಯಿಂದ ಕೈಗೆ ಹೋಗಿ ಬಂದವು. ಒಂದು ತಪ್ಪೂ ಸಿಗಲಿಲ್ಲ. ಪಾಪಕ್ಕ ಅವಳ ಕೆನ್ನೆ ಸವರಿ ಹೋದಳು.

ಆ ದಿನ ಮನೆಯಲ್ಲಿ ಊಟಕ್ಕೆ ಕುಳಿತಾಗ ಗೋಪಾಲಪ್ಪ ಕೇಳಿದ. “ಊರ ಮುಂದೆ ತಪ್ಪು ಒಪ್ಕೊಂಡೆ. ಆ ಹುಡುಗನ ಮುಂದೆ?”

“ಬ್ಲಾಕ್ ತೆಗೆದು ಫೋನ್ ಮಾಡಿದೆ ಅಪ್ಪ. ಎತ್ತಲಿಲ್ಲ.”

“ಎತ್ತಲ್ಲ. ನಾನಾಗಿದ್ರೂ ಎತ್ತುತಿರ್ಲಿಲ್ಲ. ಇನ್ನೂರು ಜನದ ಮುಂದೆ ಮಾತು ಕಿತ್ಕೊಂಡು, ಫೋನಲ್ಲಿ ಒಳಗೊಳಗೆ ಕ್ಷಮೆ ಕೇಳೋದಾ?”

ಶುಕ್ರವಾರ ಅಹವಾಲು ಸಭೆಯಲ್ಲಿ ಒಂಬತ್ತೂ ಹಳ್ಳಿಯವರು ಕೂಡಿ ಕೊಟ್ಟ ಬೀದಿವಾರು ಹಾಳೆಗಳನ್ನು ಅಧಿಕಾರಿ ಒಂದೊಂದಾಗಿ ತಿರುವಿದರು. ಒಪ್ಪಿಗೆ ಕೊಟ್ಟ 203 ಮನೆಯೂ ಅದರಲ್ಲಿದ್ದುದನ್ನು ಕಂಡು ತಲೆ ಎತ್ತಿ, “ಇದನ್ನ ಯಾರಮ್ಮ ಮಾಡಿದ್ದು?” ಎಂದರು. ಜಮೀನಿನ ಅಳತೆಯ ಕೆಲಸ ನಿಲ್ಲಿಸಿ, ಒಂಬತ್ತೂ ಹಳ್ಳಿಗೆ ತಾವೇ ಬಂದು ಮಾತಾಡುತ್ತೇನೆಂದು ಬರೆದುಕೊಟ್ಟರು. ಗೆದ್ದೆವು ಎನ್ನುವಂತಿರಲಿಲ್ಲ. ಆದರೆ ಊರಿನ ಮಾತನ್ನು ಊರಿನವರೇ ಹೇಳಿ ಬಂದಿದ್ದರು.

ಭಾನುವಾರ ಅವಳು ಎಲ್ಲರಿಗಿಂತ ಮೊದಲು ತರಗತಿಗೆ ಹೋದಳು. ಬಂದದ್ದು ಬೇರೆ ಮೇಷ್ಟ್ರು. “ವಸಂತ್ ಇನ್ಮೇಲೆ ಬರಲ್ವಂತೆ,” ಎಂದರು.

ಒಂದು ಗಂಟೆ ಕುಳಿತಿದ್ದು, ಎದ್ದುಬಂದಳು. ಅಪ್ಪನಿಗೆ ಫೋನ್ ಮಾಡಿದಳು.

“ಅಪ್ಪ, ಜಡಿಗೇನಹಳ್ಳಿಗೆ ಹೋಗ್ಬರ್ತೀನಿ.”

“ಹೂಂ. ಹೋಗ್ಬಾ.”

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ವಸಂತನ ತಾಯಿ ಹುರುಳಿಕಾಯಿ ಆಯುತ್ತಾ ಕೂತಿದ್ದರು. ಜಗಲಿಯ ಮೇಲೆ ಬಿಳಿ ಅಂಗಿಯ ಮುನಿರಾಜು. ಹೊಲದ ಕಡೆಯಿಂದ ಬಂದ ವಸಂತ್ ಅವಳನ್ನು ನೋಡಿ ನಿಂತುಬಿಟ್ಟ.

“ನಾನು ನಂದಗುಡಿ ಕಡೆಯಿಂದ ಬಂದಿದೀನಿ ಅಮ್ಮ,” ಎಂದಳು ಅವಳು ತಾಯಿಗೆ ಕೈಮುಗಿದು. “ನಿಮ್ಮ ಮಗನ್ನ ಎಲ್ಲರ ಮುಂದೆ ಅವಮಾನ ಮಾಡಿದೆ. ಅವ್ರದ್ದು ತಪ್ಪಿರ್ಲಿಲ್ಲ. ತಪ್ಪು ನನ್ನದು. ಅದನ್ನ ಅವ್ರ ಮನೆಯವ್ರ ಮುಂದೇನೇ ಹೇಳ್ಬೇಕು ಅಂತ ಬಂದೆ.”

ಮುನಿರಾಜು ಜಗಲಿಯಿಂದ ಎದ್ದ. “ಓ, ಆ ಲೆಕ್ಕದ ಹುಡುಗಿ ನೀನೇನಾ? ನೋಡಮ್ಮ, ಯಾರ್ಯಾರು ಒಪ್ಪಿಲ್ಲ ಅಂತ ಹೆಸರು ತಂದ್ಕೊಡು ಅಂತ ಇವನನ್ನ ನಾನೇ ಕೇಳಿದ್ದೆ. ಸ್ವಂತ ಚಿಕ್ಕಪ್ಪ ಕೇಳಿದ್ರೂ ಬಾಯಿ ಬಿಡ್ಲಿಲ್ಲ. ಆವತ್ತಿಂದ ನನ್ನ ಹತ್ರ ಮುಖ ಕೊಟ್ಟು ಮಾತಾಡ್ತಿಲ್ಲ.” ದೂರುವವನಂತೆ ಹೇಳಿ, ಚಪ್ಪಲಿ ಮೆಟ್ಟಿ ಕಾರಿನ ಕಡೆ ಹೋದ. ಆ ದೂರು ಅವಳ ಎದೆಯಲ್ಲಿ ಬೇರೆಯೇ ರೀತಿಯಲ್ಲಿ ಇಳಿಯಿತು.

ತಾಯಿ ಮೊರ ಎತ್ತಿಕೊಂಡರು. “ಒಳಗೆ ಕಾಫಿ ಇಡ್ತೀನಿ. ನೀವು ಮಾತಾಡ್ಕೊಳಿ.”

ಇಬ್ಬರೇ ಉಳಿದರು. ಅಂಗಳದಾಚೆ ಹುರುಳಿಕಾಯಿ ಚಪ್ಪರದ ಸಾಲುಗಳು ಗಾಳಿಗೆ ಅಲುಗುತ್ತಿದ್ದವು.

“ಸರಿಹೋಯ್ತಂತೆ ಲೆಕ್ಕ,” ಎಂದ ವಸಂತ್.

“ಯಾರು ಹೇಳಿದ್ರು?”

“ಸೆಂಟರ್‌ನವ್ರು. ನಿಮ್ಮೂರಿನವ್ರು ಅಲ್ಲಿ ಹೇಳಿದ್ರಂತೆ, ತಪ್ಪು ನೀವೇ ಹಿಡಿದ್ರಿ ಅಂತ.” ಕ್ಷಣ ಬಿಟ್ಟು, “‘ಒಪ್ಪಿಗೆ ಇಲ್ಲ’ ಅಂತ ಬರ್ದಿರ್ತಾರೆ ಅಂತ ನನಗೂ ಹೊಳೀಬೇಕಿತ್ತು. ನೋಡ್ದೆ ಹೇಳಿದ್ದು ನಂದೂ ತಪ್ಪೇ.”

“ಅದು ಬಿಡಿ. ಚಿಕ್ಕಪ್ಪನ ವಿಷಯ ಯಾಕೆ ಹೇಳ್ಲಿಲ್ಲ?”

ಅವನು ಕೈಗೆ ಮೆತ್ತಿದ್ದ ಮಣ್ಣನ್ನು ಉಜ್ಜಿಕೊಂಡ. “ಮೊದಲನೇ ದಿನವೇ ಹೇಳ್ಬೇಕಿತ್ತು. ಬಾಯಿಗೆ ಬಂದಿತ್ತು. ಹೇಳಿದ್ರೆ ಎದ್ದು ಹೋಗ್ತೀರಿ, ಪಾಠ ನಿಂತೋಗುತ್ತೆ ಅಂತ ಭಯ ಆಯ್ತು. ಆಮೇಲೂ ಅದೇ ಭಯ. ಆದ್ರೆ ಪಾಠಕ್ಕಲ್ಲ...”

“ಮತ್ತೆ?”

ಅವನು ತಲೆ ಎತ್ತಿ ಅವಳನ್ನೇ ನೋಡಿದ.

“ನಾನೂ ಬರೀ ಕ್ಷಮೆ ಕೇಳೋಕೆ ಬಂದಿಲ್ಲ,” ಎಂದಳು ಜ್ಯೋತಿಲಕ್ಷ್ಮಿ. ಕಣ್ಣು ನೆಲದ ಮೇಲಿತ್ತು. “ಬೆಳಿಗ್ಗೆ ಬೇರೆ ಮೇಷ್ಟ್ರು ಬಂದಿದ್ರು. ಚೆನ್ನಾಗೇ ಹೇಳ್ಕೊಟ್ರು. ನನಗೆ ಒಂದಕ್ಷರ ತಲೆಗೆ ಹೋಗ್ಲಿಲ್ಲ. ಇಷ್ಟು ವಾರ ನಾನು ಆ ಮೆಟ್ಲು ಹತ್ತಿ ಬರ್ತಿದ್ದಿದ್ದು ಪೈಥಾನ್‌ಗೆ ಮಾತ್ರ ಅಲ್ಲ ಅಂತ... ಇವತ್ತು ಗೊತ್ತಾಯ್ತು.”

ಅವನು ಎರಡು ಹೆಜ್ಜೆ ಹತ್ತಿರ ಬಂದ. ಮುಟ್ಟಲಿಲ್ಲ. “ನಾನು ನಿಮ್ಮಪ್ಪನ ಹತ್ರ ಬಂದು ಕೇಳ್ಲಾ?”

“ಮುನಿರಾಜು ಅಣ್ಣನ ಮಗ ಅಂದ್ರೆ ಬಾಗಿಲಲ್ಲೇ ನಿಲ್ಲಿಸ್ತಾರೆ.”

“ನಿಲ್ತೀನಿ.”

“ತುಂಬಾ ಹೊತ್ತು ನಿಲ್ಲಿಸ್ತಾರೆ.”

“ನಿಲ್ತೀನಿ, ಬಿಡಿ.”

ಅವಳು ತಲೆ ಎತ್ತಿದಳು. ಅವನ ಕಣ್ಣುಗಳು ಒದ್ದೆಯಾಗಿದ್ದವು, ನಗುತ್ತಲೂ ಇದ್ದವು. ಒಳಗಿನಿಂದ ಕಾಫಿಯ ಪರಿಮಳ ಬಂತು.

“ವಾಪಸ್ ಬಸ್ಸು ಎಷ್ಟೊತ್ತಿಗೆ?” ಎಂದು ಕೇಳಿದ.

“ನಾಲ್ಕಕ್ಕೆ ಒಂದಿದೆ.”

“ಅದು ಬಿಟ್ರೆ?”

“ಐದಕ್ಕೆ.”

“ಐದರದ್ದಕ್ಕೆ ಹೋಗ್ತೀರಾ?”

ಅವಳು ಸೆರಗಿನಂತೆ ಹೊದ್ದಿದ್ದ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಐದೂವರೆಗೂ ಒಂದಿದೆ.”